ಕಿರುಚಿತ್ರಕ್ಕೆ ಬಹುಮಾನಕ್ಕಿಂತ ಮೊದಲು ಬೇಕಾದದ್ದು

ಸಂಪಾದಕರಿಗೆ,

ಮಾನ್ಯರೇ,

ಕಿರುಚಿತ್ರ ಸ್ಪರ್ಧೆಗಳ ಪ್ರಕಟಣೆಗಳು ಈಗ ವರ್ಷವಿಡೀ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತಿವೆ. ಮತದಾನ ಜಾಗೃತಿ, ರಸ್ತೆ ಸುರಕ್ಷತೆ, ಪ್ಲಾಸ್ಟಿಕ್ ನಿಷೇಧ, ಬಾಲ್ಯವಿವಾಹ ತಡೆ, ಹೀಗೆ ವಿಷಯ ಯಾವುದೇ ಇರಲಿ, ಇಲಾಖೆಗಳೂ ಕಾಲೇಜುಗಳೂ ಸಂಘ ಸಂಸ್ಥೆಗಳೂ ಐದೋ ಹತ್ತೋ ನಿಮಿಷದ ಚಿತ್ರಗಳನ್ನು ಆಹ್ವಾನಿಸಿ ಮೊದಲ ಮೂರಕ್ಕೆ ಬಹುಮಾನ ಘೋಷಿಸುತ್ತವೆ. ಮೊಬೈಲ್‌ನಲ್ಲಿ ತೆಗೆದ ಚಿತ್ರಗಳಿಗೂ ಅವಕಾಶವಿದೆ ಎಂಬ ಸಾಲು ಈ ಪ್ರಕಟಣೆಗಳಲ್ಲಿ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಇದರ ಹಿಂದಿನ ಸದುದ್ದೇಶದ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ಧಾರವಾಡದ ಹವ್ಯಾಸಿ ರಂಗತಂಡವೊಂದರ ಗೆಳೆಯ ಗೆಳತಿಯರ ಜೊತೆ ಸೇರಿ ಕಡಿಮೆ ವೆಚ್ಚದ ಕಿರುಚಿತ್ರಗಳನ್ನು ಮಾಡುತ್ತ ಬಂದಿರುವ, ತಂಡದಲ್ಲಿ ಧ್ವನಿಗ್ರಹಣವನ್ನೂ ಖರ್ಚಿನ ಲೆಕ್ಕವನ್ನೂ ನೋಡಿಕೊಳ್ಳುವ ನನಗೆ, ಚಿತ್ರ ಮುಗಿದ ಮೇಲೆ ಮೂವರಿಗೆ ಬಹುಮಾನ ಕೊಡುವುದನ್ನೇ ಪ್ರೋತ್ಸಾಹವೆಂದು ನಾವು ತಿಳಿದಿರುವುದು ಸರಿಯಲ್ಲ ಎನ್ನಿಸುತ್ತದೆ. ಚಿತ್ರ ತಯಾರಾಗುವ ಹೊತ್ತಿನಲ್ಲಿ ಬೇಕಾದ ನೆರವು ಯಾವುದು, ಅದು ಎಲ್ಲಿ ಸಿಗುತ್ತಿಲ್ಲ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಲು ಬಯಸುತ್ತೇನೆ. ಪತ್ರ ದೀರ್ಘವಾಗಿರುವುದನ್ನು ದಯವಿಟ್ಟು ಮನ್ನಿಸಬೇಕು.

ತಂತ್ರಜ್ಞಾನ ಅಗ್ಗವಾಗಿದೆ ಎಂಬ ಮಾತು ಅರ್ಧ ನಿಜ. ಫಿಲ್ಮ್ ರೀಲು ಕೊಂಡು, ಲ್ಯಾಬಿಗೆ ಕಳಿಸಿ, ಸಂಸ್ಕರಣೆಯಾಗಿ ಬಂದ ಮೇಲಷ್ಟೇ ಏನು ಚಿತ್ರೀಕರಿಸಿದ್ದೇವೆಂದು ನೋಡಬೇಕಿದ್ದ ಕಾಲದಲ್ಲಿ ನಮ್ಮಂಥವರು ಈ ಕ್ಷೇತ್ರದ ಹತ್ತಿರವೂ ಸುಳಿಯುವಂತಿರಲಿಲ್ಲ. ಈಗ ಸಾಧಾರಣ ದರದ ಅನೇಕ ಫೋನುಗಳು 4ಕೆ ಗುಣಮಟ್ಟದಲ್ಲಿ ಚಿತ್ರೀಕರಿಸುತ್ತವೆ. ಡಾವಿಂಚಿ ರಿಸಾಲ್ವ್‌ನಂಥ ತಂತ್ರಾಂಶದ ಉಚಿತ ಆವೃತ್ತಿಯಲ್ಲೇ ಸಂಕಲನ ಮಾಡಿ, ಬಣ್ಣ ತಿದ್ದಿ, ಪೂರ್ಣ ಚಿತ್ರವನ್ನು ಹೊರತೆಗೆಯಬಹುದು. ಆದರೆ ಒಂದು ಲಕ್ಷ ರೂಪಾಯಿಯೊಳಗೆ ಮುಗಿಸಬೇಕೆಂದು ಹೊರಟ ನಮ್ಮ ಯಾವ ಚಿತ್ರದ ಲೆಕ್ಕದಲ್ಲೂ ಕ್ಯಾಮೆರಾ ದೊಡ್ಡ ಬಾಬತ್ತಾಗಿಲ್ಲ. ಖಾನಾವಳಿಯ ಊಟ, ಚಹಾ, ಟೆಂಪೊ ಬಾಡಿಗೆ, ಕಲಾವಿದರ ಪ್ರಯಾಣ, ದೀಪಗಳು, ಮೈಕು, ಹಾರ್ಡ್ ಡಿಸ್ಕು, ಇವುಗಳಲ್ಲೇ ಹಣ ಕರಗುತ್ತದೆ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಚಿತ್ರೀಕರಿಸಿದರೆ ಒಂದು ಗಂಟೆಯ ದೃಶ್ಯಕ್ಕೆ ಸುಮಾರು 45 ಜಿಬಿ ಜಾಗ ಬೇಕು, ಅದರ ಪ್ರತಿಯನ್ನು ಇನ್ನೊಂದು ಡಿಸ್ಕಿನಲ್ಲೂ ಇಡಬೇಕು. ಎರಡನೆಯ ಡಿಸ್ಕಿನ ಹಣವನ್ನು ಊಟದ ಬಾಬತ್ತಿಗೆ ತಿರುಗಿಸುವ ಆಸೆ ಪ್ರತಿಯೊಂದು ಬಡ ತಂಡಕ್ಕೂ ಬರುತ್ತದೆ. ಹಾಗೆ ತಿರುಗಿಸಿ, ಇದ್ದೊಂದು ಡಿಸ್ಕು ಕೆಟ್ಟು, ಪೂರ್ತಿ ಚಿತ್ರೀಕರಣವನ್ನೇ ಕಳೆದುಕೊಂಡ ತರುಣರನ್ನು ನಾನು ಬಲ್ಲೆ.

ಬೆಂಗಳೂರಿನಿಂದ ದೂರ ಇರುವ ಊರುಗಳಲ್ಲಿ ಸಾಮಗ್ರಿ ಸಿಗುವ ಬಗೆಯೇ ಬೇರೆ. ಇಲ್ಲಿ ಒಳ್ಳೆಯ ಕ್ಯಾಮೆರಾ, ಲೆನ್ಸು, ಎಲ್‌ಇಡಿ ದೀಪ, ಕಾಲರ್ ಮೈಕುಗಳು ಇರುವುದು ಮದುವೆ ಚಿತ್ರೀಕರಿಸುವ ಸ್ಟುಡಿಯೊಗಳ ಬಳಿ. ಆ ಹುಡುಗರು ಉದಾರಿಗಳು, ಕಲೆಯ ಮೇಲೆ ಪ್ರೀತಿ ಇರುವವರು, ಎಷ್ಟೋ ಸಲ ಅರ್ಧ ಬಾಡಿಗೆಗೆ ಕೊಟ್ಟವರು. ಆದರೆ ಮುಹೂರ್ತವಿರುವ ದಿನ ಅವರ ಹೊಟ್ಟೆಪಾಡಿನ ದಿನ. ಅಂದು ಒಂದು ಬ್ಯಾಟರಿಯೂ ಸಿಗುವುದಿಲ್ಲ. ಹೀಗಾಗಿ ನಮ್ಮ ಭಾಗದ ಕಿರುಚಿತ್ರ ತಂಡಗಳು ಪಂಚಾಂಗ ನೋಡಿ ಚಿತ್ರೀಕರಣದ ದಿನ ಗೊತ್ತುಮಾಡುತ್ತವೆ. ಮದುವೆಗಳಿಲ್ಲದ ಆಷಾಢದಲ್ಲಿ ಸಾಮಗ್ರಿ ಧಾರಾಳವಾಗಿ ಸಿಗುತ್ತದೆ, ಆದರೆ ಧಾರವಾಡದ ಆಷಾಢವೆಂದರೆ ಜಿಟಿಜಿಟಿ ಮಳೆ, ಗಳಿಗೆಗೊಮ್ಮೆ ಬದಲಾಗುವ ಬೆಳಕು. ಒಂದೇ ಸಂಭಾಷಣೆಯ ಎರಡು ಶಾಟುಗಳು ಎರಡು ಬೇರೆ ದಿನದವೆಂಬಂತೆ ಕಾಣುತ್ತವೆ. ಇನ್ನುಳಿದದ್ದು ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಧನುರ್ಮಾಸ. ಬೆಳಕು ಸ್ವಚ್ಛ, ಕ್ಯಾಮೆರಾ ಬಿಡುವು, ಆದರೆ ಹಗಲು ಚಿಕ್ಕದು, ಮೇಲಾಗಿ ನಸುಕಿನಿಂದಲೇ ಗುಡಿಗಳ ಧ್ವನಿವರ್ಧಕ. ಬೆಂಗಳೂರಿನಿಂದ ಸಾಮಗ್ರಿ ತರಿಸಿದರೆ ಬಾಡಿಗೆಯ ಮೇಲೆ ಶೇ 18ರಷ್ಟು ಜಿಎಸ್‌ಟಿ, ಜೊತೆಗೆ ಬರುವ ಸಹಾಯಕನ ಪ್ರಯಾಣ ಮತ್ತು ದಿನಭತ್ಯೆ, ಸಾಮಗ್ರಿ ದಾರಿಯಲ್ಲಿರುವ ದಿನಗಳಿಗೂ ಬಾಡಿಗೆ. ರಾಜಧಾನಿಯ ತಂಡಕ್ಕೂ ಬೀದರಿನದೋ ಚಾಮರಾಜನಗರದ್ದೋ ತಂಡಕ್ಕೂ ಸ್ಪರ್ಧೆಯ ನಿಯಮ ಒಂದೇ ಆದರೂ ಖರ್ಚು ಒಂದೇ ಅಲ್ಲ ಎಂಬುದನ್ನು ಆಯೋಜಕರು ಗಮನಿಸಿದಂತೆ ಕಾಣುವುದಿಲ್ಲ.

ಇವೆಲ್ಲಕ್ಕಿಂತ ಕಠಿಣವಾದದ್ದು ಧ್ವನಿ. ನನ್ನ ಕೆಲಸವೇ ಅದಾದ್ದರಿಂದ ಇಲ್ಲಿ ತುಸು ಹೆಚ್ಚು ಹೇಳಲು ಅವಕಾಶ ಕೊಡಬೇಕು. ನೋಡುಗರು ಮಸುಕಾದ ದೃಶ್ಯವನ್ನು ಸಹಿಸಿಕೊಳ್ಳುತ್ತಾರೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ. ಫೋನಿನ ಮೈಕು ನಟಿಯ ಪಿಸುಮಾತನ್ನೂ ಹಿಂದಿನ ಓಣಿಯ ಹಿಟ್ಟಿನ ಗಿರಣಿಯ ಸದ್ದನ್ನೂ ಒಂದೇ ತೂಕದಲ್ಲಿ ಹಿಡಿಯುತ್ತದೆ. ಆದ್ದರಿಂದ ಕಾಲರ್ ಮೈಕು, ಉದ್ದ ಕೋಲಿನ ತುದಿಗೆ ಕಟ್ಟಿ ಹಿಡಿಯುವ ಬೂಮ್ ಮೈಕು, ಪ್ರತ್ಯೇಕ ರೆಕಾರ್ಡರು ಬೇಕಾಗುತ್ತವೆ. ಹಾಗೆ ಬೇರೆಯಾಗಿ ಹಿಡಿದ ಧ್ವನಿಯನ್ನು ದೃಶ್ಯಕ್ಕೆ ಹೊಂದಿಸುವಾಗ ಮತ್ತೊಂದು ತೊಡಕು ಎದುರಾಗುತ್ತದೆ. ಅನೇಕ ಫೋನುಗಳು ಸೆಕೆಂಡಿಗೆ ಇಷ್ಟೇ ಫ್ರೇಮು, ಅಂದರೆ ಇಷ್ಟೇ ಬಿಡಿ ಚಿತ್ರ, ಎಂಬ ಸ್ಥಿರ ಲೆಕ್ಕದಲ್ಲಿ ಚಿತ್ರೀಕರಿಸುವುದಿಲ್ಲ. ಆ ದರ ಏರಿಳಿಯುತ್ತಲೇ ಇರುತ್ತದೆ. ಕ್ಲಾಪಿನ ಸದ್ದಿಗೆ ಸರಿಯಾಗಿ ಕೂಡಿಸಿದ ಮಾತು ಕೆಲವು ನಿಮಿಷ ಕಳೆಯುವಷ್ಟರಲ್ಲಿ ತುಟಿಯ ಚಲನೆಯಿಂದ ಜಾರಿರುತ್ತದೆ. ಮೊಬೈಲಿನಲ್ಲೇ ಚಿತ್ರ ಮಾಡಿ ಎಂದು ಹೇಳುವವರು ಈ ಒಂದು ಸಂಗತಿಯನ್ನು ಹೊಸಬರಿಗೆ ಮೊದಲೇ ತಿಳಿಸಿದರೆ ಎಷ್ಟೋ ರಾತ್ರಿಗಳ ದುಡಿಮೆ ಉಳಿಯುತ್ತದೆ.

ಹೆಂಚಿನ ಮನೆಯೊಂದರ ಅಡುಗೆಮನೆಯಲ್ಲಿ ತಾಯಿ ಮಗಳ ಮಾತುಕತೆಯನ್ನು ಧ್ವನಿಮುದ್ರಿಸುವುದೆಂದರೆ ಏನೆಂದು ಹೇಳುತ್ತೇನೆ. ಮೊದಲು ಫ್ಯಾನು ನಿಲ್ಲಿಸಬೇಕು, ಆಮೇಲೆ ಫ್ರಿಜ್ಜು. ನಿಲ್ಲಿಸಿದ ಫ್ರಿಜ್ಜನ್ನು ಸಂಜೆ ಹೊರಡುವಾಗ ಮರೆಯದೆ ಚಾಲೂ ಮಾಡಲೆಂದು ಧ್ವನಿಗ್ರಾಹಕರು ತಮ್ಮ ಗಾಡಿಯ ಕೀಲಿಯನ್ನು ಅದರೊಳಗೇ ಇಡುತ್ತಾರೆ. ಮನೆ ಬಿಟ್ಟುಕೊಟ್ಟವರ ಹಾಲು ಮೊಸರು ಕೆಡಬಾರದಲ್ಲ. ಪಕ್ಕದ ಮನೆಯ ಕುಕ್ಕರು ಎಷ್ಟು ಸೀಟಿ ಹೊಡೆಯುತ್ತದೆಂದು ಕೇಳಿಕೊಂಡು ಬರಬೇಕು, ಎದುರು ಮನೆಯವರ ಮೋಟಾರು ಟಾಕಿ ತುಂಬುವವರೆಗೆ ಕಾಯಬೇಕು. ಎಲ್ಲ ಮೌನವಾಯಿತೆನ್ನುವಾಗ ದೂರದಲ್ಲಿ ಕೊಳವೆಬಾವಿ ಕೊರೆಯುವ ಲಾರಿ ಕೆಲಸ ಶುರುಮಾಡುತ್ತದೆ. ದೃಶ್ಯ ಮುಗಿದ ಮೇಲೆ ಎಲ್ಲರೂ ಇದ್ದಲ್ಲೇ ನಿಂತು ಒಂದು ನಿಮಿಷ ಆ ಕೋಣೆಯ ಬರಿಯ ಮೌನವನ್ನು ಮುದ್ರಿಸಿಕೊಳ್ಳಬೇಕು, ಏಕೆಂದರೆ ಒಂದೊಂದು ಕೋಣೆಯ ಮೌನ ಒಂದೊಂದು ಬಗೆ, ಸಂಕಲನದಲ್ಲಿ ಮಾತಿನ ನಡುವಿನ ತೆರಪುಗಳನ್ನು ಅದರಿಂದಲೇ ತುಂಬಬೇಕು. ಊಟಕ್ಕೆ ಹೊತ್ತಾಗಿ ಹಸಿದ ತಂಡಕ್ಕೆ ಆ ಒಂದು ನಿಮಿಷದ ಮಹತ್ವವನ್ನು ಮನಗಾಣಿಸುವುದು ಸುಲಭವಲ್ಲ.

ಇಷ್ಟೆಲ್ಲ ಪಾಡು ಪಡುವ ಬದಲು ಡಬ್ಬಿಂಗ್ ಮಾಡಬಾರದೇ ಎಂದು ಕೇಳುವವರಿದ್ದಾರೆ. ಸ್ಟುಡಿಯೊದ ಗಂಟೆಯ ಬಾಡಿಗೆ, ಕಲಾವಿದರನ್ನು ಬೆಂಗಳೂರಿಗೆ ಕರೆದೊಯ್ಯುವ ಖರ್ಚು ಒಂದು ಕಡೆಗಿರಲಿ. ನಮ್ಮ ಚಿತ್ರಗಳಲ್ಲಿ ನಟಿಸುವವರು ಹೆಚ್ಚಿನವರು ಊರ ನಾಟಕಗಳಲ್ಲಿ ಪಾತ್ರ ಮಾಡಿದವರು, ಕೆಲವರು ಎಂದೂ ಬಣ್ಣ ಹಚ್ಚದವರು. ಮಣ್ಣೊಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ ‘ಏನ್ ಮಾಡಾಕತ್ತೀಬೇ’ ಎಂದು ಕೇಳುವ ಹೆಂಗಸಿನ ಉಸಿರು, ಬಡಿತದ ಲಯಕ್ಕೆ ಮಾತು ತುಂಡಾಗುವ ರೀತಿ, ಗಾಜಿನ ಕೋಣೆಯೊಳಗೆ ಕಿವಿಗೆ ಹೆಡ್‌ಫೋನು ಹಾಕಿಕೊಂಡು ನಿಂತಾಗ ಮರಳಿ ಬರುವುದಿಲ್ಲ. ವೃತ್ತಿಪರ ಕಂಠದಾನ ಕಲಾವಿದರಿಂದ ಹೇಳಿಸಿದರೆ ಧಾರವಾಡದ ಮಾತು ಧಾರಾವಾಹಿಯ ಹಾಸ್ಯಪಾತ್ರದ ಮಾತಾಗಿಬಿಡುತ್ತದೆ. ಉತ್ತರ ಕರ್ನಾಟಕದ ಕನ್ನಡ, ಕುಂದಾಪುರದ ಕನ್ನಡ, ಚಾಮರಾಜನಗರದ ಕನ್ನಡ ತೆರೆಯ ಮೇಲೆ ನಗೆ ತರಿಸುವ ಸರಕಾಗದೆ ಸಹಜವಾಗಿ ಕೇಳಿಬರಬೇಕೆಂದರೆ ಅದು ಹೆಚ್ಚಾಗಿ ಕಿರುಚಿತ್ರಗಳಲ್ಲೇ ಆಗಬೇಕು ಎಂದು ನಾನು ನಂಬಿದ್ದೇನೆ. ಏಕೆಂದರೆ ಅಲ್ಲಿ ಮಾರುಕಟ್ಟೆಗಾಗಿ ಮಾತನ್ನು ತಿದ್ದುವ ಒತ್ತಡ ಇರುವುದಿಲ್ಲ. ಅದಕ್ಕೆ ಒಳ್ಳೆಯ ಮೈಕೂ ಅದನ್ನು ಹಿಡಿಯಬಲ್ಲ ತರಬೇತಾದ ಕೈಯೂ ಬೇಕು. ಹವ್ಯಾಸಿ ತಂಡಗಳಲ್ಲಿ ನಿರ್ದೇಶಕರಾಗಲು, ಕ್ಯಾಮೆರಾ ಹಿಡಿಯಲು ಮುಂದೆ ಬರುವವರು ಬಹಳ, ಧ್ವನಿ ಕಲಿಯಲು ಬರುವವರು ವಿರಳ.

ಇನ್ನು ಅನುಮತಿಯ ವಿಷಯ. ನಮ್ಮ ಒಂದು ಕಥೆಯಲ್ಲಿ ವಯಸ್ಸಾದ ಹೆಂಗಸೊಬ್ಬಳು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಮಗನಿಗಾಗಿ ಕಾಯುವ ಸಣ್ಣ ದೃಶ್ಯವಿತ್ತು. ಒಂದು ಕ್ಯಾಮೆರಾ, ಒಂದು ಮೈಕು, ಬೆರಳೆಣಿಕೆಯ ಜನ, ದೀಪಗಳಿಲ್ಲ. ಸಂಬಂಧಪಟ್ಟ ಕಚೇರಿಗೆ ಹೋದಾಗ ಕೈಗೆ ಬಂದ ನಮೂನೆಯಲ್ಲಿ ನಿರ್ಮಾಣ ಸಂಸ್ಥೆಯ ನೋಂದಣಿ, ಜನರೇಟರ್ ವಾಹನಗಳ ವಿವರ, ಮುಖ್ಯ ತಾರಾಗಣ, ಭದ್ರತಾ ಠೇವಣಿ ಎಲ್ಲವೂ ಇದ್ದವು. ಅಲ್ಲಿನ ಅಧಿಕಾರಿ ಸಹಾನುಭೂತಿಯಿಂದಲೇ ಮಾತನಾಡಿದರು. ಆದರೆ ದೊಡ್ಡ ಚಿತ್ರಕ್ಕೆ ಹೇಳಿದ ದರವನ್ನು ಬಿಟ್ಟು ಬೇರೆ ದರ ವಿಧಿಸುವ ಅಧಿಕಾರ ಅವರಿಗಿರಲಿಲ್ಲ. ಕಥೆಯಲ್ಲಿದ್ದ ಬಸ್ ನಿಲ್ದಾಣ ಚಿತ್ರದಲ್ಲಿ ರಸ್ತೆ ಬದಿಯ ಬೇವಿನ ಮರವಾಯಿತು. ಇಂಥ ಹೊತ್ತಿನಲ್ಲಿ ಎಷ್ಟೋ ತಂಡಗಳು ಕದ್ದು ಚಿತ್ರೀಕರಿಸುತ್ತವೆ, ಪೊಲೀಸರು ಬಂದಾಗ ಕಾಲೇಜಿನ ಪ್ರಾಜೆಕ್ಟು ಎಂದು ಹೇಳುತ್ತವೆ. ಆ ದಾರಿ ನನಗೆ ಒಪ್ಪಿಗೆಯಿಲ್ಲ, ಆದರೆ ನೇರ ದಾರಿ ಇಷ್ಟು ಎತ್ತರದಲ್ಲಿರುವಾಗ ಅವರನ್ನು ದೂರುವುದೂ ನನ್ನಿಂದಾಗದು.

ಕೇಂದ್ರ ಸರ್ಕಾರದ ಸ್ವತ್ತುಗಳ ಮಾತೂ ಹೀಗೆಯೇ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯಿಂದ ಹಿಡಿದು ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳವರೆಗೆ ಸಂರಕ್ಷಿತ ಸ್ಮಾರಕಗಳಲ್ಲಿ ಚಿತ್ರೀಕರಣಕ್ಕೆ ಪುರಾತತ್ವ ಇಲಾಖೆಯ ಮುಂಗಡ ಅನುಮತಿಯೂ ಶುಲ್ಕವೂ ಕಡ್ಡಾಯ, ಅದು ಇರಬೇಕಾದದ್ದೇ. ರೈಲು ನಿಲ್ದಾಣಕ್ಕೆ ವಲಯ ಕೇಂದ್ರ ಕಚೇರಿಯ ಕಡೆ ನೋಡಬೇಕು. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಪಕ್ಕದ ಹುಬ್ಬಳ್ಳಿಯಲ್ಲೇ ಇರುವುದು ನಮ್ಮ ಭಾಗ್ಯ. ಕಲಬುರಗಿ ನಿಲ್ದಾಣ ಮಧ್ಯ ರೈಲ್ವೆಗೆ ಸೇರಿರುವುದರಿಂದ ಅಲ್ಲಿನ ತರುಣರಿಗೆ ಆ ಕಚೇರಿ ಮುಂಬೈಯಲ್ಲಿದೆ. ಕಥೆಯಲ್ಲಿ ಒಂದು ಎಮ್ಮೆಯೋ ಆಡೋ ಪಾತ್ರವಾಗಿದ್ದರೆ 2001ರ ಪ್ರದರ್ಶನ ಪ್ರಾಣಿಗಳ ನೋಂದಣಿ ನಿಯಮಗಳು ಬರುತ್ತವೆ, ಪ್ರಾಣಿ ಕಲ್ಯಾಣ ಮಂಡಳಿಗೆ ಅರ್ಜಿ ಹಾಕಬೇಕು. ಆ ಮಂಡಳಿ ಹರಿಯಾಣದ ಬಲ್ಲಭಗಢದಲ್ಲಿದೆ. ಪ್ರಾಣಿಗಳಿಗೆ ಹಿಂಸೆಯಾಗಬಾರದೆಂಬ ನಿಯಮದ ಆಶಯವನ್ನು ನಾನು ಪೂರ್ಣವಾಗಿ ಗೌರವಿಸುತ್ತೇನೆ. ಆದರೆ ರೈತನೊಬ್ಬ ತನ್ನದೇ ಕೊಟ್ಟಿಗೆಯಲ್ಲಿ ತನ್ನದೇ ಎಮ್ಮೆಯ ಹಾಲು ಕರೆಯುವುದನ್ನು ಚಿತ್ರೀಕರಿಸಲೂ ನೂರಾರು ಕುದುರೆಗಳ ಯುದ್ಧದ ದೃಶ್ಯಕ್ಕೂ ಒಂದೇ ಬಗೆಯ ಕಾಗದಪತ್ರ ಕೇಳಿದರೆ, ಹಳ್ಳಿಯ ಕಥೆಗಳಿಂದ ಪ್ರಾಣಿಗಳೇ ಮಾಯವಾಗುತ್ತವೆ. ಹಾಗೆ ಮಾಯವಾಗುತ್ತಿರುವುದನ್ನು ನಮ್ಮ ಚಿತ್ರಕಥೆಗಳಲ್ಲೇ ಕಾಣುತ್ತಿದ್ದೇನೆ.

ಜನರ ಶ್ರಮದ ಬಗ್ಗೆ ಹೇಳಲೇಬೇಕಾದ ಒಂದು ಮಾತಿದೆ. ಕಡಿಮೆ ವೆಚ್ಚದ ಚಿತ್ರವೆಂದರೆ ಬಹಳ ಕಡೆ ಸಂಬಳವಿಲ್ಲದ ದುಡಿಮೆ ಎಂದೇ ಅರ್ಥವಾಗಿದೆ. ಅನುಭವ ಸಿಗುತ್ತದೆ, ಹೆಸರು ಬರುತ್ತದೆ ಎಂದು ಹೇಳಿ ಎಲ್ಲರನ್ನೂ ಕರೆತರಲಾಗುತ್ತದೆ. ಗೆಳೆಯರು ಗೆಳೆಯರಿಗಾಗಿ ದುಡಿಯುವುದು ಬೇರೆ ಮಾತು. ಆದರೆ ದೀಪ ಹೊರುವ ಹುಡುಗ, ಟೆಂಪೊ ಚಾಲಕ, ಅಡುಗೆಯವರು, ಒಂದು ದಿನದ ಕೂಲಿ ಬಿಟ್ಟು ಬಂದು ಪಾತ್ರ ಮಾಡುವ ಹಳ್ಳಿಯ ಹೆಂಗಸು, ಇವರಿಗೆ ಅಂದಂದಿನ ಹಣ ಅಂದೇ ಸಲ್ಲಬೇಕು. ಸಲ್ಲಿಸಲಾಗದಿದ್ದರೆ ಆ ಚಿತ್ರವನ್ನು ಮುಂದಕ್ಕೆ ಹಾಕುವುದೇ ಸರಿ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಕೆಲವು ಸಂಗತಿಗಳಿವೆ. ಹೊಲದಲ್ಲೋ ಕೆರೆಯ ದಂಡೆಯಲ್ಲೋ ಚಿತ್ರೀಕರಣವಿದ್ದಾಗ ಶೌಚಾಲಯ ಎಲ್ಲಿದೆ ಎಂಬುದನ್ನು ಮೊದಲೇ ನೋಡಿಟ್ಟುಕೊಳ್ಳದ ತಂಡಗಳೇ ಹೆಚ್ಚು. ರಾತ್ರಿಯ ದೃಶ್ಯ ಮುಗಿದ ಮೇಲೆ ಕಾಲೇಜು ಹುಡುಗಿಯನ್ನು ಮನೆ ಬಾಗಿಲಿಗೆ ಮುಟ್ಟಿಸುವ ವಾಹನದ ಖರ್ಚನ್ನು ಲೆಕ್ಕದ ಮೊದಲ ಸಾಲಿನಲ್ಲಿ ಬರೆಯಬೇಕು. ಇವನ್ನು ಸಣ್ಣ ವಿಷಯಗಳೆಂದು ಕೈಬಿಟ್ಟದ್ದರಿಂದಲೇ ಎಷ್ಟೋ ಪ್ರತಿಭಾವಂತ ಹುಡುಗಿಯರ ಮನೆಯವರು ಎರಡನೆಯ ಚಿತ್ರಕ್ಕೆ ಒಪ್ಪುವುದಿಲ್ಲ.

2024ರಲ್ಲಿ ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರ ಕಾನ್ ಚಿತ್ರೋತ್ಸವದಲ್ಲಿ ಸಿನಿಮಾ ಶಾಲೆಗಳ ವಿದ್ಯಾರ್ಥಿಗಳ ಚಿತ್ರಗಳಿಗಿರುವ ಲಾ ಸಿನೆಫ್ ವಿಭಾಗದಲ್ಲಿ ಮೊದಲ ಬಹುಮಾನ ಪಡೆದಾಗ ನಾವೆಲ್ಲ ಹಿಗ್ಗಿದೆವು. ಕೋಳಿ ಕದ್ದ ಅಜ್ಜಿಯ ಜನಪದ ಕಥೆ, ಹದಿನಾರು ನಿಮಿಷದ ಚಿತ್ರ, ಚಿತ್ರೀಕರಣಕ್ಕೆ ನಾಲ್ಕೇ ದಿನ ಎಂದು ಎಲ್ಲೆಡೆ ವರದಿಯಾಯಿತು. ಆ ನಾಲ್ಕು ದಿನದ ಮಾತನ್ನು ಹಿಡಿದುಕೊಂಡು, ಮನಸ್ಸಿದ್ದರೆ ನಾಲ್ಕು ದಿನ ಸಾಕು ನೋಡಿ ಎಂದು ನಮ್ಮೂರಿನ ತರುಣರಿಗೆ ಬುದ್ಧಿ ಹೇಳಿದವರೂ ಇದ್ದಾರೆ. ಅದು ಪುಣೆಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯ ವಿದ್ಯಾರ್ಥಿಗಳು ತಮ್ಮ ಕೋರ್ಸಿನ ಭಾಗವಾಗಿ ಮಾಡಿದ ಚಿತ್ರ. ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿ, ಈ ನಾಲ್ಕರಲ್ಲೂ ಆಯಾ ವಿದ್ಯೆಯನ್ನೇ ಕಲಿಯುತ್ತಿದ್ದವರು ಕೆಲಸ ಮಾಡಿದ್ದರು. ಅವರ ಪ್ರತಿಭೆ ಅವರದ್ದೇ. ಆದರೆ ಆ ಪ್ರತಿಭೆಯ ಬೆನ್ನಿಗೆ ಒಂದು ಸಾರ್ವಜನಿಕ ಸಂಸ್ಥೆ ನಿಂತಿತ್ತು ಎಂಬುದನ್ನೂ ಹೇಳದಿದ್ದರೆ ನಾವು ಅರ್ಧ ಸಂಗತಿಯನ್ನು ಮಾತ್ರ ಹೇಳಿದಂತಾಗುತ್ತದೆ. ನಮ್ಮಲ್ಲೂ ಅಂಥ ಪರಂಪರೆ ಇಲ್ಲದಿಲ್ಲ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು ಹಿಂದಿ ಚಿತ್ರರಂಗದಲ್ಲಿ ಹೆಸರಾಂತ ಛಾಯಾಗ್ರಾಹಕರಾದ ವಿ.ಕೆ. ಮೂರ್ತಿ, ಗೋವಿಂದ ನಿಹಲಾನಿ ಅವರು ದೇಶದ ಸಿನಿಮಾದಲ್ಲಿ ಏನು ಸಾಧಿಸಿದರೆಂದು ಎಲ್ಲರಿಗೂ ಗೊತ್ತಿದೆ. ಆ ವಿಭಾಗವೇ ಇಂದು ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಾಗಿದೆ.

ಚಿತ್ರ ಮುಗಿದ ಮೇಲಿನ ಕಷ್ಟ ಇನ್ನೊಂದು. ಚಿತ್ರೋತ್ಸವಗಳಿಗೆ ಕಳಿಸಲು ಈಗ ಅಂತರ್ಜಾಲ ವೇದಿಕೆಗಳಿವೆ, ಶುಲ್ಕ ಬಹುಮಟ್ಟಿಗೆ ಡಾಲರಿನಲ್ಲಿ. ಹತ್ತು ಕಡೆ ಕಳಿಸಬೇಕೆಂದರೆ ಚಿತ್ರದ ಊಟದ ಖರ್ಚಿನಷ್ಟೇ ಹಣ ಬೇಕು. ಪ್ರತಿ ತಿಂಗಳೂ ‘ಉತ್ಸವ’ ನಡೆಸಿ, ಯಾವ ಸಭಾಂಗಣದಲ್ಲೂ ಚಿತ್ರ ತೋರಿಸದೆ, ಶುಲ್ಕ ಕಟ್ಟಿದ ಬಹುತೇಕರಿಗೆ ಪ್ರಶಸ್ತಿಪತ್ರ ಇಮೇಲ್ ಮಾಡುವ ಸಂಸ್ಥೆಗಳೂ ಹುಟ್ಟಿಕೊಂಡಿವೆ. ಇಂಥ ‘ಅಂತರರಾಷ್ಟ್ರೀಯ ಪ್ರಶಸ್ತಿ’ಗಳ ಸುದ್ದಿಯನ್ನು ಪ್ರಕಟಿಸುವ ಮುನ್ನ ಆ ಉತ್ಸವ ಎಲ್ಲಿ ನಡೆಯಿತು, ಎಷ್ಟು ಜನ ಚಿತ್ರ ನೋಡಿದರು ಎಂದು ಪತ್ರಿಕೆಗಳು ವಿಚಾರಿಸಬೇಕೆಂದು ನಮ್ರವಾಗಿ ಕೋರುತ್ತೇನೆ. ಯೂಟ್ಯೂಬಿನಲ್ಲಿ ಹಾಕಿ ಹಣ ಗಳಿಸಬಹುದೆಂಬ ಸಲಹೆಯೂ ಬರುತ್ತದೆ. ಜಾಹೀರಾತಿನ ಆದಾಯ ಸಿಗಬೇಕಾದರೆ ಚಾನೆಲಿಗೆ 1,000 ಚಂದಾದಾರರೂ ಹನ್ನೆರಡು ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆಯೂ ಇರಬೇಕು. ಹದಿನೈದು ನಿಮಿಷದ ಚಿತ್ರವೊಂದನ್ನು 16,000 ಜನ ಮೊದಲಿನಿಂದ ಕೊನೆಯವರೆಗೆ ನೋಡಿದರೆ ಆ ಗಂಟೆಗಳು ತುಂಬುತ್ತವೆ. ವರ್ಷಕ್ಕೊಂದು ಚಿತ್ರ ಮಾಡುವ ತಂಡಕ್ಕೆ ಇದು ಆದಾಯದ ಮಾರ್ಗವಾಗಲಾರದು. ಹಿನ್ನೆಲೆಯಲ್ಲಿ ಚಹಾದಂಗಡಿಯ ರೇಡಿಯೊದಿಂದ ಹಳೆಯ ಹಾಡಿನ ಎರಡು ಸಾಲು ಕೇಳಿಸಿದರೂ ಹಕ್ಕುಸ್ವಾಮ್ಯದ ತಕರಾರು ತಾನಾಗಿ ಬಂದು, ಬರಬಹುದಾಗಿದ್ದ ಹಣ ಹಾಡಿನ ಒಡೆಯರಿಗೆ ಹೋಗಬಹುದು.

ನನಗೆ ಹೆಚ್ಚು ನೋವು ಕೊಡುವ ಸಂಗತಿ ಹಣದ್ದಲ್ಲ. ಜನರ ನಡುವೆ ಕೂತು, ಕತ್ತಲಲ್ಲಿ, ಎಲ್ಲರೂ ಒಟ್ಟಿಗೆ ನೋಡುವ ಅವಕಾಶ ಈ ಚಿತ್ರಗಳಿಗೆ ಸಿಗುತ್ತಿಲ್ಲ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕು, ಚಿತ್ರೋತ್ಸವಗಳು ವಿನಾಯಿತಿ ಪಡೆದು ತೋರಿಸುತ್ತವೆ. ಯಾವ ಊರಿನಲ್ಲಿ ಚಿತ್ರೀಕರಿಸಿದೆವೋ ಆ ಊರಿನ ಜನರಿಗೆ ತೋರಿಸಲು ಒಂದು ವ್ಯವಸ್ಥೆ ಇಲ್ಲ. ಒಂದು ಕಾಲದಲ್ಲಿ ಚಿತ್ರಮಂದಿರಗಳು ಮುಖ್ಯ ಚಿತ್ರಕ್ಕೆ ಮೊದಲು ಕೇಂದ್ರ ಸರ್ಕಾರದ ಚಿತ್ರನಿರ್ಮಾಣ ಸಂಸ್ಥೆಯಾಗಿದ್ದ ಫಿಲ್ಮ್ಸ್ ಡಿವಿಷನ್ನಿನ ಸಣ್ಣ ಚಿತ್ರವೊಂದನ್ನು ಕಡ್ಡಾಯವಾಗಿ ತೋರಿಸಬೇಕಿತ್ತು. ಹಿರಿಯ ಓದುಗರಿಗೆ ಅದು ನೆನಪಿರಬಹುದು. ಆ ಹತ್ತು ನಿಮಿಷಗಳನ್ನು ಇಂದು ಜಾಹೀರಾತುಗಳು ತುಂಬಿವೆ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಂ ಚಿತ್ರಸಮಾಜದ ಮೂಲಕ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಯ ಜನರೆದುರು ಇಟ್ಟರು. ಒಳ್ಳೆಯ ಸಿನಿಮಾ ನೋಡಲು ಪಟ್ಟಣದವರೇ ಆಗಬೇಕಿಲ್ಲ ಎಂಬುದನ್ನು ಕರ್ನಾಟಕ ಆಗಲೇ ಕಂಡಿದೆ. ನೆರೆಯ ಕೇರಳದಲ್ಲಿ ಅಲ್ಲಿನ ಚಲನಚಿತ್ರ ಅಕಾಡೆಮಿಯು ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಗಳಿಗೆಂದೇ 2008ರಿಂದ ತಿರುವನಂತಪುರದಲ್ಲಿ ಅಂತರರಾಷ್ಟ್ರೀಯ ಉತ್ಸವ ನಡೆಸುತ್ತ ಬಂದಿದೆ. ಬೆಂಗಳೂರಿನಲ್ಲೂ 2010ರಿಂದ ಕಿರುಚಿತ್ರಗಳ ಅಂತರರಾಷ್ಟ್ರೀಯ ಉತ್ಸವವೊಂದು ನಡೆಯುತ್ತಿದೆ, ಅದನ್ನು ಕಟ್ಟಿದವರಿಗೆ ನಾವು ಕೃತಜ್ಞರು. ಆದರೆ ರಾಜಧಾನಿಯ ಒಂದು ಉತ್ಸವದ ಮೇಲೆ ಇಡೀ ನಾಡಿನ ಭಾರ ಹೊರಿಸಲಾಗದು.

ಏನು ಮಾಡಬಹುದು ಎಂಬ ಬಗ್ಗೆ ನನಗೆ ತೋಚಿದ್ದನ್ನು ಹೇಳುತ್ತೇನೆ. ಕರ್ನಾಟಕ ಚಲನಚಿತ್ರ ಅಕಾಡೆಮಿ 2009ರಿಂದ ನಮ್ಮಲ್ಲಿದೆ. ಮೈಸೂರು, ಧಾರವಾಡ, ಶಿವಮೊಗ್ಗ, ಕಲಬುರಗಿಗಳಲ್ಲಿ ರಂಗಾಯಣಗಳಿವೆ, ಅಲ್ಲಿ ಕಟ್ಟಡವಿದೆ, ಕಲಾವಿದರಿದ್ದಾರೆ, ಸಾಮಗ್ರಿಯನ್ನು ಜೋಪಾನ ಮಾಡುವ ಅಭ್ಯಾಸವಿದೆ. ಅಕಾಡೆಮಿಯು ಈ ಪ್ರತಿಯೊಂದು ಕಡೆಯಲ್ಲೂ ಒಂದು ಸಾಧಾರಣ ಕ್ಯಾಮೆರಾ, ಎರಡು ಮೂರು ದೀಪ, ಮುಖ್ಯವಾಗಿ ಒಂದು ಒಳ್ಳೆಯ ಧ್ವನಿಮುದ್ರಣದ ಸೆಟ್ಟು ಇಟ್ಟು, ಕಡಿಮೆ ಬಾಡಿಗೆಗೆ ಸ್ಥಳೀಯ ತಂಡಗಳಿಗೆ ಕೊಡುವಂತಾದರೆ ನಾವು ಪಂಚಾಂಗ ನೋಡುವುದು ತಪ್ಪುತ್ತದೆ. ಹೆಸರಘಟ್ಟದ ಸಂಸ್ಥೆಯ ಧ್ವನಿ ವಿಭಾಗದವರು ವರ್ಷಕ್ಕೊಮ್ಮೆ ಈ ಊರುಗಳಿಗೆ ಬಂದು ಒಂದು ವಾರ ಕಲಿಸಿದರೂ ಬಹಳವಾಯಿತು. ಸ್ಪರ್ಧೆ ನಡೆಸುವ ಇಲಾಖೆಗಳಿಗೆ ನನ್ನ ಕೋರಿಕೆ ಬೇರೆ. ಬಹುಮಾನಕ್ಕಿಟ್ಟ ಹಣದಲ್ಲೇ ಮೊದಲು ಚಿತ್ರಕಥೆಗಳನ್ನು ಕರೆದು, ಆಯ್ದ ಐದಾರು ತಂಡಗಳಿಗೆ ಚಿತ್ರೀಕರಣದ ಮುನ್ನವೇ ಆ ಹಣವನ್ನು ಹಂಚಬಹುದು. ಕಳಿಸಿದ ಎಲ್ಲ ಚಿತ್ರಗಳ ಹಕ್ಕೂ ಆಯೋಜಕರದೇ ಎಂಬ ಷರತ್ತನ್ನು, ಗೆಲ್ಲದ ಚಿತ್ರಗಳ ಮಟ್ಟಿಗಾದರೂ, ಕೂಡಲೇ ಕೈಬಿಡಬೇಕು. ಸೋತವನ ಚಿತ್ರವನ್ನೂ ಇಟ್ಟುಕೊಳ್ಳುವುದು ನ್ಯಾಯವಲ್ಲ.

ಅನುಮತಿಯ ವಿಷಯದಲ್ಲಿ ರಾಜ್ಯ ಸರ್ಕಾರ ತನ್ನ ಅಧೀನದ ಜಾಗಗಳಿಗೆ, ಅಂದರೆ ಬಸ್ ನಿಲ್ದಾಣ, ಸರ್ಕಾರಿ ಶಾಲೆ, ಉದ್ಯಾನ, ಮಾರುಕಟ್ಟೆಗಳಿಗೆ, ಹತ್ತು ಜನಕ್ಕಿಂತ ಕಡಿಮೆ ಇರುವ, ಜನರೇಟರು ತಾರದ, ಸಾರ್ವಜನಿಕರ ಓಡಾಟ ತಡೆಯದ ತಂಡ ಎಂಬ ಒಂದು ವರ್ಗವನ್ನು ಗುರುತಿಸಿ, ಅದಕ್ಕೆ ಒಂದು ಪುಟದ ಅರ್ಜಿಯನ್ನೂ ಸಣ್ಣ ನಿಗದಿತ ಶುಲ್ಕವನ್ನೂ ಗೊತ್ತುಮಾಡಿ, ಅದನ್ನು ಮಂಜೂರು ಮಾಡುವ ಅಧಿಕಾರವನ್ನು ತಾಲ್ಲೂಕು ಮಟ್ಟಕ್ಕೆ ಕೊಡಬೇಕು. ಇದರಿಂದ ಬೊಕ್ಕಸಕ್ಕೆ ನಷ್ಟವಿಲ್ಲ, ಏಕೆಂದರೆ ಈಗಿನ ದರ ಕಟ್ಟಲಾಗದೆ ನಾವು ಹಿಂದಿರುಗುವಾಗ ಬೊಕ್ಕಸಕ್ಕೆ ಬರುವುದು ಏನೂ ಇಲ್ಲ.

ಕೊನೆಯದಾಗಿ, 2025–26ರ ರಾಜ್ಯ ಬಜೆಟ್ಟಿನಲ್ಲಿ ಮೈಸೂರಿನ ಚಿತ್ರನಗರಿಯ ಜೊತೆಗೆ ಕನ್ನಡ ಚಿತ್ರಗಳಿಗಾಗಿ ಸರ್ಕಾರವೇ ಒಂದು ಒಟಿಟಿ ವೇದಿಕೆ ರೂಪಿಸುವ ಮಾತು ಬಂದಿದೆ. ಚಿತ್ರನಗರಿಯಿಂದ ನಮ್ಮಂಥ ತಂಡಗಳಿಗೆ ಆಗುವುದು ಕಡಿಮೆ. ನಮ್ಮ ಕಥೆಗಳು ನಡೆಯುವುದು ನಿಜವಾದ ಓಣಿಗಳಲ್ಲಿ. ಆದರೆ ಒಟಿಟಿ ವೇದಿಕೆಯ ನಿಯಮಗಳನ್ನು ಬರೆಯುವಾಗ ಕಿರುಚಿತ್ರಗಳನ್ನು ಆರಂಭದಲ್ಲೇ ಸೇರಿಸಬೇಕು. ಆಯ್ಕೆಯಾದ ಚಿತ್ರಕ್ಕೆ ವೀಕ್ಷಣೆಯ ಲೆಕ್ಕಕ್ಕೆ ಕಾಯದೆ, ನಿಮಿಷಕ್ಕೆ ಇಷ್ಟೆಂದು ಒಮ್ಮೆಗೇ ಗೌರವಧನ ಕೊಡಬೇಕು, ಹಕ್ಕು ನಿರ್ದಿಷ್ಟ ಅವಧಿಯ ನಂತರ ತಂಡಕ್ಕೆ ಮರಳಬೇಕು. ಆಯ್ಕೆ ಸಮಿತಿಯಲ್ಲಿ ಬೆಂಗಳೂರಿನ ಆಚೆಯವರೂ ಧ್ವನಿ ಬಲ್ಲವರೊಬ್ಬರೂ ಇರಬೇಕು. ದೂರದರ್ಶನ ಚಂದನದಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆ ಈ ಚಿತ್ರಗಳಿಗೆ ಮೀಸಲಿಟ್ಟರೆ, ನಮ್ಮ ಚಿತ್ರಗಳಲ್ಲಿ ನಟಿಸಿದ, ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರೂ ತಮ್ಮ ಮನೆಯ ಟಿ.ವಿ.ಯಲ್ಲಿ ತಮ್ಮ ಅಭಿನಯ ನೋಡಲು ಸಾಧ್ಯವಾಗುತ್ತದೆ. ಚಲನಚಿತ್ರ ಅಕಾಡೆಮಿಯವರೂ ವಾರ್ತಾ ಇಲಾಖೆಯವರೂ ಈ ಕುರಿತು ತಮ್ಮ ನಿಲುವನ್ನು ಈ ಪತ್ರಿಕೆಯಲ್ಲೇ ತಿಳಿಸಬೇಕೆಂದು ವಿನಂತಿಸುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಹವ್ಯಾಸಿ ಕಿರುಚಿತ್ರ ತಂಡವೊಂದರ ಧ್ವನಿಗ್ರಾಹಕಿ
ಧಾರವಾಡ